ಕೆಲಸ ಗೆಲ್ಲಲು ಒಂದು ಟೆಸ್ಟರ್: ಸಣ್ಣ ಕೇಬಲ್ ಕಂಪನಿಯವಳು ಕಂಡ ಡಿಎಸ್‌ಎಕ್ಸ್-5000

ಫ್ಲೂಕ್ ನೆಟ್‌ವರ್ಕ್ಸ್‌ನ ಡಿಎಸ್‌ಎಕ್ಸ್-5000 ಕೇಬಲ್ ಟೆಸ್ಟರ್ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಎಷ್ಟು ಮೆಗಾಹರ್ಟ್ಸ್‌ವರೆಗೆ ಅಳೆಯುತ್ತದೆ, ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆ, ಪರದೆ ಹೇಗಿದೆ, ಇಂಥವೆಲ್ಲ. ನನ್ನ ಪ್ರಶ್ನೆಗೆ ಮಾತ್ರ ಎಲ್ಲೂ ಉತ್ತರ ಇರಲಿಲ್ಲ. ನಮ್ಮದು ನಾಲ್ಕೇ ಜನರ ಕಂಪನಿ. ಕಚೇರಿ, ಶಾಲೆ, ಕ್ಲಿನಿಕ್, ಗೋದಾಮುಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆದು, ಕೇಬಲುಗಳೆಲ್ಲ ಬಂದು ಸೇರುವ ರಾಕ್ ಕಟ್ಟಿ, ಗೋಡೆಯಲ್ಲಿ ಪಾಯಿಂಟ್ ಕೂರಿಸಿ ಕೊಡುವುದು ನಮ್ಮ ಕೆಲಸ. ಇಂಥ ಕಂಪನಿ ಇಷ್ಟು ದುಬಾರಿ ಟೆಸ್ಟರ್ ಕೊಂಡರೆ ಗುತ್ತಿಗೆ ಕೈಗೆ ಬರುತ್ತದಾ? ಈ ವಿಮರ್ಶೆ ಬರೆಯುತ್ತಿರುವುದು ಅಷ್ಟನ್ನು ಹೇಳಲಿಕ್ಕೆ.

ಬರುತ್ತದೆ. ನಮಗೆ ಬಂದಿದೆ. ಆದರೆ ಟೆಸ್ಟರ್ ಕೊಂಡು ವ್ಯಾನಿನಲ್ಲಿ ಇಟ್ಟುಕೊಂಡರೆ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಇದು ಕೊಡುವ ಟೆಸ್ಟ್ ರಿಪೋರ್ಟ್ ಅಂದರೆ ಕೆಲಸ ಮುಗಿದ ಮೇಲೆ ಫೈಲಿಗೆ ಸೇರಿಸುವ ಕಾಗದ ಅಂದುಕೊಂಡವರಿಗೆ ಇದು ಬರೀ ಖರ್ಚು. ಕೊಟೇಷನ್ ಕೊಡುವ ದಿನದಿಂದಲೇ ಆ ರಿಪೋರ್ಟನ್ನು ಮುಂದಿಟ್ಟು ಮಾತಾಡುವವರಿಗೆ ಇದರ ದುಡ್ಡು ವಾಪಸ್ ಬರುತ್ತದೆ.

ಸಣ್ಣ ಕಂಪನಿಯ ಕಷ್ಟ ಏನು ಅಂತ ಈ ಕೆಲಸದಲ್ಲಿ ಇರುವವರಿಗೆ ಗೊತ್ತು. ಟೆಂಡರ್ ಬರುತ್ತದೆ, ಎಲ್ಲರೂ ಪಾಯಿಂಟಿಗೆ ಇಷ್ಟು ಅಂತ ರೇಟ್ ಹಾಕುತ್ತಾರೆ. ದೊಡ್ಡ ಕಂಪನಿ ಕೇಬಲ್ ಬಾಕ್ಸುಗಳನ್ನು ರಾಶಿಗಟ್ಟಲೆ ಕೊಳ್ಳುತ್ತದೆ, ಅವರಿಗೆ ಮಾಲು ನಮಗಿಂತ ಅಗ್ಗ. ಬರೀ ರೇಟಿನಲ್ಲಿ ನಾವು ಅವರ ಮುಂದೆ ನಿಲ್ಲಲು ಆಗುವುದಿಲ್ಲ. ಇನ್ನೊಂದು ಕಡೆ ಯಾವ ಲೆಕ್ಕವೂ ಇಲ್ಲದೆ ಅರ್ಧ ರೇಟಿಗೆ ಒಪ್ಪಿಕೊಳ್ಳುವವರು ಇರುತ್ತಾರೆ. ಕೆಲಸ ಕೊಡುವವರ ಕಣ್ಣಿಗೆ ಮೂವರೂ ಒಂದೇ. ಕೇಬಲ್ ಫಾಲ್ಸ್ ಸೀಲಿಂಗ್ ಒಳಗೆ, ಪೈಪಿನೊಳಗೆ ಮುಚ್ಚಿಹೋಗುತ್ತದೆ. ಹೊರಗೆ ಕಾಣುವುದು ಗೋಡೆಯ ಮೇಲಿನ ಒಂದು ಬಿಳಿ ಪ್ಲೇಟ್ ಮಾತ್ರ. ನಾವು ಒಳ್ಳೆ ಕೆಲಸ ಮಾಡುತ್ತೇವೆ ಅಂತ ಬಾಯಲ್ಲಿ ಹೇಳಿದರೆ ನಂಬಲು ಅವರಿಗೆ ಕಾರಣ ಬೇಕಲ್ವಾ? ಎಲ್ಲರೂ ಅದನ್ನೇ ಹೇಳುತ್ತಾರೆ.

ಇಲ್ಲೇ ಟೆಸ್ಟರಿನ ವಿಷಯ ಬರುವುದು. ಮಾರುಕಟ್ಟೆಯಲ್ಲಿ ಟೆಸ್ಟರ್ ಅಂತ ಮಾರುವ ವಸ್ತುಗಳಲ್ಲಿ ಮೂರು ಥರ ಇವೆ, ಕೊಳ್ಳುವವರಿಗೆ ಈ ವ್ಯತ್ಯಾಸ ಗೊತ್ತಿರುವುದು ಕಡಿಮೆ. ಮೊದಲನೆಯದು ತಂತಿ ಸರಿಯಾದ ಪಿನ್ನಿಗೆ ಸೇರಿದೆಯಾ ಅಂತ ನೋಡುವುದು. ಒಂದರಿಂದ ಎಂಟರವರೆಗೆ ದೀಪ ಮಿನುಗುವ ಸಣ್ಣ ಪೆಟ್ಟಿಗೆ ಈ ಜಾತಿಯದು. ಎರಡನೆಯದು ಈ ಕೇಬಲಿನಲ್ಲಿ ಗಿಗಾಬಿಟ್ ಓಡುತ್ತದಾ ಅಂತ ಹೇಳುವುದು. ಫ್ಲೂಕಿನದೇ ಕೇಬಲ್ ಐಕ್ಯೂ ಈ ಸಾಲಿಗೆ ಸೇರಿದ್ದು. ಮೂರನೆಯದು ಸರ್ಟಿಫಿಕೇಷನ್ ಟೆಸ್ಟರ್. ಟಿಐಎ (ಅಮೆರಿಕದ ದೂರಸಂಪರ್ಕ ಉದ್ಯಮದ ಸಂಘ) ಅಥವಾ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡದಲ್ಲಿ ಬರೆದಿರುವ ಒಂದೊಂದು ಮಿತಿಯ ಜೊತೆಗೂ ಕೇಬಲನ್ನು ಹೋಲಿಸಿ ಪಾಸ್ ಅಥವಾ ಫೇಲ್ ಅಂತ ದಾಖಲೆ ಕೊಡುವುದು. ಡಿಎಸ್‌ಎಕ್ಸ್-5000 ಈ ಮೂರನೆಯದು. ಸಾಫ್ಟಿಂಗ್‌ನ ವೈರ್‌ಎಕ್ಸ್‌ಪರ್ಟ್, ಎಇಎಂನ ಟೆಸ್ಟ್‌ಪ್ರೊ ಕೂಡ ಇದೇ ಸಾಲಿನವು.

ದೀಪದ ಪೆಟ್ಟಿಗೆ ಸಾಲದಾ ಅಂತ ಕೇಳುವವರಿಗೆ ನಾನು ಸ್ಪ್ಲಿಟ್ ಪೇರ್ ಬಗ್ಗೆ ಹೇಳುತ್ತೇನೆ. ಕೇಬಲಿನೊಳಗೆ ಎಂಟು ತಂತಿ, ಎರಡೆರಡು ಸುತ್ತಿಕೊಂಡು ನಾಲ್ಕು ಜೋಡಿ. ಕೇಬಲಿನ ತುದಿಗೆ ಜ್ಯಾಕ್ ಕೂರಿಸುವ ಹುಡುಗ ಎರಡೂ ತುದಿಯಲ್ಲಿ ಒಂದೇ ರೀತಿ ತಪ್ಪಾಗಿ ಬೇರೆ ಬೇರೆ ಜೋಡಿಯ ತಂತಿಗಳನ್ನು ಸೇರಿಸಿದರೆ, ಪಿನ್ನಿನ ಲೆಕ್ಕ ಸರಿಯಾಗೇ ಇರುತ್ತದೆ. ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಆದರೆ ಜೊತೆಯಾಗಿ ಕೆಲಸ ಮಾಡಬೇಕಾದ ಎರಡು ತಂತಿ ಈಗ ಒಂದಕ್ಕೊಂದು ಸುತ್ತಿಕೊಂಡಿಲ್ಲ. ಒಂದು ಜೋಡಿಯ ಸಿಗ್ನಲ್ ಪಕ್ಕದ ಜೋಡಿಗೆ ಸೋರುತ್ತದೆ. ನೆಟ್‌ವರ್ಕ್ ಪೂರ್ತಿ ನಿಲ್ಲುವುದಿಲ್ಲ, ಸುಮ್ನೆ ನಿಧಾನವಾಗುತ್ತದೆ, ನಡುನಡುವೆ ಕಡಿಯುತ್ತದೆ. ಗ್ರಾಹಕರು ನೆಟ್‌ವರ್ಕ್ ಸ್ವಿಚ್ ಬದಲಿಸುತ್ತಾರೆ, ಕಂಪ್ಯೂಟರ್ ಬದಲಿಸುತ್ತಾರೆ, ಕೊನೆಗೆ ಕೇಬಲ್ ಹಾಕಿದವರ ಮೇಲೆ ಬರುತ್ತಾರೆ. ಸರ್ಟಿಫಿಕೇಷನ್ ಟೆಸ್ಟಿನಲ್ಲಿ ಇದು ಮೊದಲ ದಿನವೇ ಸಿಕ್ಕಿಬೀಳುತ್ತದೆ.

ಬಳಸುವುದು ಸುಲಭ. ಎರಡು ಯಂತ್ರ ಇರುತ್ತವೆ, ಒಂದು ಮುಖ್ಯ, ಒಂದು ರಿಮೋಟ್. ಒಬ್ಬರು ರಾಕಿನ ಹತ್ತಿರ, ಒಬ್ಬರು ಪಾಯಿಂಟಿನ ಹತ್ತಿರ. ಕೇಬಲಿನ ಜಾತಿ, ಯಾವ ಮಾನದಂಡ ಅಂತ ಆರಿಸಿ ಟೆಸ್ಟ್ ಒತ್ತಿದರೆ ಕ್ಯಾಟ್ 6ಎ ದರ್ಜೆಯ ಕೇಬಲಿಗೆ ಸುಮಾರು 10 ಸೆಕೆಂಡು. ಅಷ್ಟರಲ್ಲಿ ಉದ್ದ, ಸಿಗ್ನಲ್ ಕುಗ್ಗುವ ಪ್ರಮಾಣ, ರಿಟರ್ನ್ ಲಾಸ್ ಅಂದರೆ ವಾಪಸ್ ತಿರುಗಿ ಬರುವ ಸಿಗ್ನಲ್, ನೆಕ್ಸ್ಟ್ ಅಂದರೆ ನಾನು ಮೇಲೆ ಹೇಳಿದ ಸೋರಿಕೆ, ಎಲ್ಲ ಅಳೆದಿರುತ್ತದೆ. ಸೋರಿಕೆಯೊಂದನ್ನೇ ನಾಲ್ಕು ಜೋಡಿಗಳ ಆರು ಸೇರಿಕೆಗಳಲ್ಲೂ, ಎರಡೂ ತುದಿಗಳಿಂದ ನೋಡುತ್ತದೆ. ಕ್ಯಾಟ್ 6 ಆದರೆ 250 ಮೆಗಾಹರ್ಟ್ಸ್‌ವರೆಗೆ, ಕ್ಯಾಟ್ 6ಎ ಆದರೆ 500ರವರೆಗೆ. ಯಂತ್ರದ ತಾಕತ್ತು 1000ದವರೆಗಿದೆ. ಎರಡು ತುದಿಯವರು ಹೆಡ್‌ಸೆಟ್ ಹಾಕಿಕೊಂಡು ಅದೇ ಕೇಬಲಿನ ಮೂಲಕ ಮಾತಾಡಬಹುದು. ಮೊಬೈಲ್ ಸಿಗ್ನಲ್ ಬಾರದ ನೆಲಮಾಳಿಗೆಯಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಾನು ಕೊಟೇಷನ್ ಕೊಡುವಾಗ ಅದರ ಹಿಂದೆ ಹಳೆಯ ಕೆಲಸವೊಂದರ ಟೆಸ್ಟ್ ರಿಪೋರ್ಟಿನ ಒಂದು ಹಾಳೆ ಸೇರಿಸುತ್ತೇನೆ. ಗ್ರಾಹಕರ ಹೆಸರು, ವಿಳಾಸ ತೆಗೆದ ಹಾಳೆ. ಅದರಲ್ಲಿ ಪಾಯಿಂಟಿನ ನಂಬರ್, ದಿನಾಂಕ, ಮೀಟರ್ ಲೆಕ್ಕ, ಗ್ರಾಫು, ಮೇಲೆ ದೊಡ್ಡದಾಗಿ ಪಾಸ್ ಅಂತ ಇರುತ್ತದೆ. ಕೊಟೇಷನ್ನಿನಲ್ಲಿ ಒಂದು ಸಾಲು ಬರೆಯುತ್ತೇನೆ: ಪ್ರತಿ ಪಾಯಿಂಟನ್ನೂ ಪರ್ಮನೆಂಟ್ ಲಿಂಕ್ (ರಾಕಿನಿಂದ ಗೋಡೆಯ ಜ್ಯಾಕಿನವರೆಗಿನ ಕೇಬಲ್) ಮಿತಿಯಲ್ಲಿ ಟೆಸ್ಟ್ ಮಾಡಿ, ಎಲ್ಲ ಪಾಯಿಂಟುಗಳ ರಿಪೋರ್ಟನ್ನೂ ಮೂಲ ಫೈಲ್ ಸಮೇತ ಕೊಡಲಾಗುವುದು, ಫೇಲ್ ಆದ ಪಾಯಿಂಟಿಗೆ ಬಿಲ್ ಇಲ್ಲ. ಈ ಒಂದು ಸಾಲು ಮಾಡುವ ಕೆಲಸವನ್ನು ಬಣ್ಣಬಣ್ಣದ ಬ್ರೋಷರ್ ಮಾಡಿದ್ದು ನಾನು ಕಂಡಿಲ್ಲ.

ಒಂದು ಕಚೇರಿಯ ಗುತ್ತಿಗೆಯಲ್ಲಿ ಇದು ಹೇಗೆ ನಡೆಯಿತು ಅಂತ ಹೇಳುತ್ತೇನೆ. ಕಟ್ಟಡ ನೋಡಿಕೊಳ್ಳುವ ಮ್ಯಾನೇಜರಿಗೆ ಕೇಬಲಿನ ವಿಷಯ ಅಷ್ಟೇನೂ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಅವರೇ ಹೇಳಿದರು. ಅವರ ಮುಂದೆ ಇದ್ದ ಕೊಟೇಷನ್ನುಗಳಲ್ಲಿ ನಮ್ಮದು ಕಡಿಮೆಯದಲ್ಲ. ನಮ್ಮ ಹಾಳೆ ನೋಡಿ ಅವರು ಉಳಿದವರಿಗೆ ಫೋನ್ ಮಾಡಿ, ನೀವೂ ಇಂಥದ್ದು ಕೊಡುತ್ತೀರಾ ಅಂತ ಕೇಳಿದರು. ಒಬ್ಬರು ಕೊಡುತ್ತೇವೆ, ಆದರೆ ಅದಕ್ಕೆ ಬೇರೆ ಚಾರ್ಜ್ ಅಂದರು. ಅದು ಸೇರಿಸಿದರೆ ಅವರ ರೇಟ್ ನಮ್ಮ ಹತ್ತಿರ ಬಂತು. ಇನ್ನೊಬ್ಬರು ಟೆಸ್ಟ್ ಮಾಡುತ್ತೇವೆ, ರಿಪೋರ್ಟ್ ಇರುವುದಿಲ್ಲ ಅಂದರು. ಕೆಲಸ ನಮಗೆ ಬಂತು. ನಾವು ಯಾರನ್ನೂ ಕೆಟ್ಟದಾಗಿ ಹೇಳಬೇಕಾಗಲಿಲ್ಲ. ಕೇಳಬೇಕಾದ ಪ್ರಶ್ನೆ ಏನು ಅಂತ ಆ ಹಾಳೆಯೇ ಅವರಿಗೆ ತೋರಿಸಿತ್ತು.

ದೊಡ್ಡ ಕೆಲಸಗಳಲ್ಲಿ ಗ್ರಾಹಕರ ಪರವಾಗಿ ಕನ್ಸಲ್ಟೆಂಟ್ ಇರುತ್ತಾರೆ. ಅವರ ಹತ್ತಿರ ಈ ಮಾತು ಬೇರೆ ಥರ ನಡೆಯುತ್ತದೆ. ಅವರಿಗೆ ರಿಪೋರ್ಟ್ ಇದೆ ಅನ್ನುವುದು ಸಾಕಾಗುವುದಿಲ್ಲ, ಒಳಗೆ ಏನಿದೆ ಅಂತ ನೋಡುತ್ತಾರೆ. ಮೊದಲು ನೋಡುವುದು ಯಾವ ಮಿತಿಯಲ್ಲಿ ಟೆಸ್ಟ್ ಮಾಡಿದ್ದೀರಿ ಅಂತ. ಪರ್ಮನೆಂಟ್ ಲಿಂಕ್ ಅಂದರೆ ರಾಕಿನಲ್ಲಿ ಕೇಬಲುಗಳು ಸೇರುವ ಪ್ಯಾಚ್ ಪ್ಯಾನೆಲಿನಿಂದ ಗೋಡೆಯ ಜ್ಯಾಕಿನವರೆಗೆ, ಹೆಚ್ಚೆಂದರೆ 90 ಮೀಟರ್. ಚಾನೆಲ್ ಅಂದರೆ ಎರಡೂ ಕಡೆ ಉಪಕರಣಕ್ಕೆ ಜೋಡಿಸುವ ಸಣ್ಣ ಕೇಬಲುಗಳೂ, ಅಂದರೆ ಪ್ಯಾಚ್ ಕಾರ್ಡುಗಳೂ ಸೇರಿ 100 ಮೀಟರ್. ಚಾನೆಲಿನ ಮಿತಿ ಸಡಿಲ. ಕೆಲವರು ಪರ್ಮನೆಂಟ್ ಲಿಂಕನ್ನು ಚಾನೆಲ್ ಮಿತಿಗೆ ಹೋಲಿಸಿ ಪಾಸ್ ಮಾಡಿಸಿಕೊಳ್ಳುತ್ತಾರೆ. ರಿಪೋರ್ಟಿನಲ್ಲಿ ಮಿತಿಯ ಹೆಸರು ಅಚ್ಚಾಗಿರುತ್ತದೆ, ಗೊತ್ತಿರುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಎರಡನೆಯದು ನಕ್ಷತ್ರದ ಗುರುತು. ಯಾವ ಅಳತೆ ಯಂತ್ರಕ್ಕೂ ಒಂದಿಷ್ಟು ಅನುಮಾನದ ಅಂತರ ಇರುತ್ತದೆ. ಫಲಿತಾಂಶ ಮಿತಿಗೆ ಅಷ್ಟು ಹತ್ತಿರ ಬಂದರೆ ಡಿಎಸ್‌ಎಕ್ಸ್ ಪಾಸ್ ಪಕ್ಕದಲ್ಲಿ ನಕ್ಷತ್ರ ಹಾಕುತ್ತದೆ. ಇದನ್ನು ಪಾಸ್ ಅಂತ ಒಪ್ಪಬೇಕಾ ಬೇಡವಾ ಅನ್ನುವುದು ಗುತ್ತಿಗೆಯ ಮಾತು, ಯಂತ್ರದ್ದಲ್ಲ. ಹಾಗಾಗಿ ನಾನು ಕೊಟೇಷನ್ ಹಂತದಲ್ಲೇ ಕೇಳಿ ಬರೆಸಿಕೊಳ್ಳುತ್ತೇನೆ. ಈ ಪ್ರಶ್ನೆ ಕೇಳಿದಾಗ ಕನ್ಸಲ್ಟೆಂಟ್ ತಲೆ ಎತ್ತಿ ನೋಡುತ್ತಾರೆ. ನಾಲ್ಕು ಜನರ ಕಂಪನಿಯಿಂದ ಅವರು ಅದನ್ನು ನಿರೀಕ್ಷಿಸಿರುವುದಿಲ್ಲ. ಅವತ್ತಿನಿಂದ ಮಾತಿನ ಧಾಟಿಯೇ ಬದಲಾಗುತ್ತದೆ.

ಮೂರನೆಯದು ಕ್ಯಾಲಿಬ್ರೇಷನ್ ದಿನಾಂಕ. ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಿ ಹೊಂದಿಸಲು ಯಂತ್ರವನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು, ಆ ದಿನಾಂಕ ರಿಪೋರ್ಟಿನಲ್ಲೇ ಬರುತ್ತದೆ. ಅವಧಿ ಮೀರಿದ ಯಂತ್ರದಲ್ಲಿ ಮಾಡಿದ ಟೆಸ್ಟನ್ನು ಕನ್ಸಲ್ಟೆಂಟ್ ತಿರಸ್ಕರಿಸಬಹುದು. ಅದಲ್ಲದೆ ಮುಖ್ಯ ಯಂತ್ರ, ರಿಮೋಟ್ ಎರಡನ್ನೂ ಒಂದಕ್ಕೊಂದು ಸೇರಿಸಿ ರೆಫರೆನ್ಸ್ ಹಾಕುವುದಿರುತ್ತದೆ, ಅಂದರೆ ಎರಡರ ಅಳತೆಯನ್ನೂ ಹೊಂದಿಸುವುದು. ತಿಂಗಳಿಗೊಮ್ಮೆ ಮಾಡುವ ಕೆಲಸ, ನಾವು ಹೊಸ ಸೈಟ್ ಶುರುವಾದಾಗಲೆಲ್ಲ ಮಾಡುತ್ತೇವೆ. ಮತ್ತೆ ಮೂಲ ಫೈಲ್. ಪಿಡಿಎಫ್ ತಿದ್ದಬಹುದು ಅಂತ ಅವರಿಗೆ ಗೊತ್ತು. ಯಂತ್ರದಿಂದ ನೇರವಾಗಿ ಬಂದ ಲಿಂಕ್‌ವೇರ್ ಫೈಲನ್ನೇ ಕೇಳುತ್ತಾರೆ. ಅದನ್ನು ತೆರೆಯುವ ಲಿಂಕ್‌ವೇರ್ ಪಿಸಿ ತಂತ್ರಾಂಶ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ನಾವು ಕೇಳುವ ಮೊದಲೇ ಕೊಡುತ್ತೇವೆ.

ಕೆಲಸ ಹುಡುಕಿಕೊಂಡು ಬರುವ ಇನ್ನೊಂದು ದಾರಿ ಹಳೆಯ ಕೇಬಲಿನದು. ಹೊಸ ಕಟ್ಟಡಗಳ ಟೆಂಡರಿಗೆ ದೊಡ್ಡವರು ಮುಗಿಬೀಳುತ್ತಾರೆ. ಆದರೆ ಈಗಾಗಲೇ ಕೇಬಲ್ ಇರುವ, ಆದರೂ ತೊಂದರೆ ಇರುವ ಜಾಗಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಒಂದು ಕ್ಲಿನಿಕ್‌ನಲ್ಲಿ ಫೋನುಗಳು ಮಾತಿನ ನಡುವೆ ಕಡಿಯುತ್ತಿದ್ದವು. ಸ್ವಿಚ್ ಹಾಕಿದವರು ಕೇಬಲ್ ಸರಿಯಿಲ್ಲ ಅಂದಿದ್ದರು, ಕೇಬಲ್ ಹಾಕಿದವರು ಸ್ವಿಚ್ ಸರಿಯಿಲ್ಲ ಅಂದಿದ್ದರು. ನಾವು ಎಲ್ಲ ಪಾಯಿಂಟ್ ಟೆಸ್ಟ್ ಮಾಡಿ ಪಟ್ಟಿ ಕೊಟ್ಟೆವು. ಹೆಚ್ಚಿನವು ಪಾಸ್. ಒಂದೇ ಕಾರಿಡಾರಿನ ಪಾಯಿಂಟುಗಳು ಫೇಲ್, ಎಲ್ಲದರಲ್ಲೂ ತೊಂದರೆ ರಾಕಿನಿಂದ ಒಂದೇ ದೂರದಲ್ಲಿ. ಸೀಲಿಂಗಿನ ತಗಡು ತೆಗೆದು ನೋಡಿದರೆ ಎಸಿ ಕೆಲಸದವರು ಹಾಕಿದ ಕಬ್ಬಿಣದ ಪಟ್ಟಿ ಕೇಬಲ್ ಕಟ್ಟನ್ನು ಅದುಮಿ ಹಿಡಿದಿತ್ತು. ಇಡೀ ಕ್ಲಿನಿಕ್‌ಗೆ ಹೊಸ ಕೇಬಲ್ ಬೇಕಿಲ್ಲ, ಇಷ್ಟು ಪಾಯಿಂಟ್ ಸಾಕು ಅಂತ ಹೇಳಿದೆವು. ಆ ಸಣ್ಣ ಕೆಲಸ ಮಾಡಿದ ಮೇಲೆ ಅವರ ಇನ್ನೊಂದು ಕಟ್ಟಡದ ಪೂರ್ತಿ ಗುತ್ತಿಗೆ ಟೆಂಡರೇ ಇಲ್ಲದೆ ನಮಗೆ ಬಂತು.

ದೂರ ಹೇಳುವ ಈ ಗುಣ ಡಿಎಸ್‌ಎಕ್ಸ್‌ನಲ್ಲಿ ನನಗೆ ಅತಿ ಇಷ್ಟ. ಸೋರಿಕೆ ಎಲ್ಲಿ, ಸಿಗ್ನಲ್ ವಾಪಸ್ ಬರುತ್ತಿರುವುದು ಎಲ್ಲಿಂದ ಅಂತ ಎರಡು ಬೇರೆ ಗ್ರಾಫಿನಲ್ಲಿ ಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ತೊಂದರೆ ತುದಿಯಲ್ಲೇ ಇದ್ದರೆ ಜ್ಯಾಕ್ ಬಿಚ್ಚಿ ಮತ್ತೆ ಕೂರಿಸಿದರೆ ಆಯಿತು. ನಡುವೆ ಇದ್ದರೆ ಯಾವ ತಗಡು ತೆಗೆಯಬೇಕು ಅಂತ ಗೊತ್ತಾಗುತ್ತದೆ. ಇದು ನೇರವಾಗಿ ರೇಟಿಗೆ ಬರುತ್ತದೆ. ತಪ್ಪು ಹುಡುಕಲು ಹೋಗುವ ಕೂಲಿಯನ್ನು ಎಲ್ಲರೂ ಕೊಟೇಷನ್ನಿನಲ್ಲಿ ಎಲ್ಲೋ ಒಂದು ಕಡೆ ಮುಚ್ಚಿಟ್ಟಿರುತ್ತಾರೆ. ನಮ್ಮದರಲ್ಲಿ ಆ ಭಾಗ ಚಿಕ್ಕದು. ಒಂದು ಎಚ್ಚರಿಕೆ: ಈ ಮೀಟರ್ ಲೆಕ್ಕ ಸರಿ ಬರಬೇಕಾದರೆ ಕೇಬಲಿನಲ್ಲಿ ಸಿಗ್ನಲ್ ಓಡುವ ವೇಗ, ಎನ್‌ವಿಪಿ ಅನ್ನುತ್ತಾರೆ, ಸರಿಯಾಗಿ ಹಾಕಿರಬೇಕು. ಅದು ಕೇಬಲ್ ತಯಾರಕರ ಮಾಹಿತಿ ಹಾಳೆಯಲ್ಲಿ ಇರುತ್ತದೆ.

ಕೇಬಲಿನ ವಿಷಯಕ್ಕೇ ಬಂದರೆ, ಅಲ್ಯೂಮಿನಿಯಂ ತಂತಿಯ ಮೇಲೆ ತಾಮ್ರದ ಲೇಪ ಕೊಟ್ಟ ಕೇಬಲ್ ಈಗ ಎಲ್ಲ ಕಡೆ ಇದೆ. ಸಿಸಿಎ ಅನ್ನುತ್ತಾರೆ. ಬಾಕ್ಸಿನ ಮೇಲೆ ಕ್ಯಾಟ್ 6 ಅಂತ ಬರೆದಿರುತ್ತದೆ, ಆದರೆ ಮಾನದಂಡ ಕೇಳುವುದು ತಾಮ್ರವನ್ನು. ಸಿಸಿಎ ತಂತಿಯ ವಿದ್ಯುತ್ ಪ್ರತಿರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಅರ್ಧದಷ್ಟಾದರೂ ಜಾಸ್ತಿ. ಹಿಂದೆ ಇದು ಅಷ್ಟು ಗೊತ್ತಾಗುತ್ತಿರಲಿಲ್ಲ. ಈಗ ಕ್ಯಾಮೆರಾ, ವೈಫೈ ಪೆಟ್ಟಿಗೆ, ಫೋನು ಎಲ್ಲಕ್ಕೂ ಅದೇ ಕೇಬಲಿನಲ್ಲಿ ಕರೆಂಟ್ ಹೋಗುತ್ತದೆ. ಹೀಗೆ ಕೇಬಲಿನಲ್ಲಿ ಕರೆಂಟ್ ಕಳಿಸುವುದಕ್ಕೆ ಪಿಒಇ ಅನ್ನುತ್ತಾರೆ. 2003ರಲ್ಲಿ ಅದರ ಮಾನದಂಡ ಬಂದಾಗ ಒಂದು ಪೋರ್ಟಿಗೆ 15.4 ವ್ಯಾಟ್. 2009ರಲ್ಲಿ 30. 2018ರ ಮಾನದಂಡದಲ್ಲಿ ನಾಲ್ಕೂ ಜೋಡಿ ಸೇರಿ 90 ವ್ಯಾಟ್‌ವರೆಗೆ. ಇಷ್ಟು ಕರೆಂಟ್ ಕೆಟ್ಟ ತಂತಿಯಲ್ಲಿ ಹೋದರೆ ಕೇಬಲ್ ಕಟ್ಟು ಬಿಸಿಯಾಗುತ್ತದೆ, ಆ ಕಡೆ ವೋಲ್ಟೇಜ್ ಸಾಲುವುದಿಲ್ಲ. ಡಿಎಸ್‌ಎಕ್ಸ್ ಪ್ರತಿರೋಧವನ್ನೂ, ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನೂ ಅಳೆಯುತ್ತದೆ. ಅರ್ಧ ರೇಟಿನವರ ಜೊತೆ ಪೈಪೋಟಿ ಬಂದಾಗ ನಾನು ಗ್ರಾಹಕರಿಗೆ ಹೇಳುವುದು ಇಷ್ಟೇ: ಅವರಿಗೂ ಕೆಲಸ ಕೊಡಿ, ಆದರೆ ಪ್ರತಿರೋಧದ ಅಳತೆ ಇರುವ ರಿಪೋರ್ಟ್ ಕೇಳಿ. ಆ ಮಾತಿಗೆ ಎಷ್ಟೋ ಸಲ ಆ ಕಡೆಯ ರೇಟ್ ಏರುತ್ತದೆ, ಕೆಲವೊಮ್ಮೆ ಅವರೇ ಹಿಂದೆ ಸರಿಯುತ್ತಾರೆ.

ಯಂತ್ರ ಬಂದ ಮೇಲೆ ನಮ್ಮ ಹುಡುಗರ ಕೈ ಬದಲಾದದ್ದು ನನಗೆ ದೊಡ್ಡ ಸಂತೋಷ. ಜ್ಯಾಕಿನ ಹತ್ತಿರ ಜೋಡಿಯ ಸುತ್ತನ್ನು 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬಾರದು, ಕೇಬಲನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬಾರದು, ಎಳೆಯುವ ಬಲ 110 ನ್ಯೂಟನ್ ದಾಟಬಾರದು. ಇದನ್ನೆಲ್ಲ ಎಷ್ಟು ಹೇಳಿದರೂ ಕಿವಿಗೆ ಮಾತ್ರ ಹೋಗುತ್ತಿತ್ತು. ತಾನು ಕೂರಿಸಿದ ಜ್ಯಾಕಿನಲ್ಲಿ ನೆಕ್ಸ್ಟ್ ಮಿತಿ ಮುಟ್ಟಲು ಎಷ್ಟು ಡೆಸಿಬೆಲ್ ಅಂಚು ಉಳಿದಿದೆ ಅಂತ ಪರದೆಯ ಮೇಲೆ ಕಂಡ ಮೇಲೆ, ನಮ್ಮ ಕಿರಿಯ ಹುಡುಗ ತಾನಾಗಿಯೇ ಬಿಚ್ಚುವುದನ್ನು ಕಡಿಮೆ ಮಾಡಿದ. ಈಗ ಇಬ್ಬರ ನಡುವೆ ಯಾರ ಅಂಚು ಜಾಸ್ತಿ ಅಂತ ಪಂದ್ಯ ನಡೆಯುತ್ತದೆ. ಪ್ಲಾಸ್ಟಿಕ್ ಟೈ ಬಿಗಿದು ಕಟ್ಟುವುದು ಬಿಟ್ಟು ವೆಲ್ಕ್ರೋ ಪಟ್ಟಿ ಬಂದಿದೆ. ರಾಕ್ ನೋಡಲು ಬಂದ ಗ್ರಾಹಕರಿಗೆ ಈ ವ್ಯತ್ಯಾಸ ಕಾಣುತ್ತದೆ.

ರಿಪೋರ್ಟಿನ ಹೆಸರು, ಗೋಡೆಯ ಲೇಬಲ್, ನಕ್ಷೆಯ ನಂಬರ್ ಮೂರೂ ಒಂದೇ ಇರಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಹ್ಯಾಂಡ್‌ಓವರ್ ದಿನ ಕನ್ಸಲ್ಟೆಂಟ್ ಯಾವುದೋ ಒಂದು ಪಾಯಿಂಟ್ ತೋರಿಸಿ ಇದರ ರಿಪೋರ್ಟ್ ಕೊಡಿ ಅನ್ನುತ್ತಾರೆ, ಕೂಡಲೇ ಸಿಗಬೇಕು. ಡಿಎಸ್‌ಎಕ್ಸ್‌ನಲ್ಲಿ ಪ್ರಾಜೆಕ್ಟ್ ಅಂತ ಮೊದಲೇ ಮಾಡಿ ಎಲ್ಲ ಪಾಯಿಂಟುಗಳ ಹೆಸರು ತುಂಬಿಡಬಹುದು. ನಾನು ಕಚೇರಿಯಲ್ಲಿ ಕೂತು ಲಿಂಕ್‌ವೇರ್ ಲೈವ್ ಅನ್ನುವ ಫ್ಲೂಕಿನ ಆನ್‌ಲೈನ್ ಸೇವೆಯಲ್ಲಿ ಪಟ್ಟಿ ತಯಾರಿಸುತ್ತೇನೆ, ಯಂತ್ರ ವೈಫೈ ಮೂಲಕ ಅದನ್ನು ತೆಗೆದುಕೊಳ್ಳುತ್ತದೆ. ಸೈಟಿನಲ್ಲಿ ಹುಡುಗ ಕೇಬಲಿನ ಹೆಸರು ಟೈಪ್ ಮಾಡುವ ಗೋಜಿಲ್ಲ, ಮಿತಿಯನ್ನು ತಪ್ಪಾಗಿ ಆರಿಸುವ ಭಯವೂ ಇಲ್ಲ. ಟೆಸ್ಟ್ ಆದದ್ದು ಆದಂತೆ ನನಗೆ ಕಾಣುತ್ತದೆ.

ಕೇಬಲ್ ಮತ್ತು ಜ್ಯಾಕ್ ತಯಾರಿಸುವ ದೊಡ್ಡ ಕಂಪನಿಗಳು ತಮ್ಮದೇ ಮಾಲನ್ನು ಪೂರ್ತಿ ಬಳಸಿದ ಕೆಲಸಕ್ಕೆ 20, 25 ವರ್ಷದ ವಾರಂಟಿ ಕೊಡುತ್ತವೆ. ಅದಕ್ಕೆ ಕೇಬಲ್ ಹಾಕುವವರು ಅವರ ತರಬೇತಿ ಪಡೆದಿರಬೇಕು, ಪ್ರತಿ ಪಾಯಿಂಟಿನ ಸರ್ಟಿಫಿಕೇಷನ್ ಫೈಲ್ ಅವರಿಗೆ ಸಲ್ಲಿಸಬೇಕು. ಈ ವಾರಂಟಿ ಕೊಡಿಸುವ ಸಾಮರ್ಥ್ಯ ಇದ್ದರೆ ಸಣ್ಣ ಕಂಪನಿಯೂ ದೊಡ್ಡ ಟೆಂಡರಿನ ಅರ್ಹತೆಯ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ವಾರಂಟಿ ಕೊಡುವುದು ತಯಾರಕರು, ಹಾಗಾಗಿ ನಾಳೆ ನೀವು ಇರುತ್ತೀರಾ ಅನ್ನುವ ಪ್ರಶ್ನೆಗೆ ಗ್ರಾಹಕರಿಗೆ ಒಂದು ಉತ್ತರ ಸಿಗುತ್ತದೆ. ನಮ್ಮಂಥವರ ವಿಷಯದಲ್ಲಿ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಅದು.

ಇನ್ನು ಇದರ ಮಿತಿಗಳು. ಬೆಲೆ ನಿಜಕ್ಕೂ ಜಾಸ್ತಿ. ಸಣ್ಣ ಕಂಪನಿ ಕೊಳ್ಳುವ ವಸ್ತುಗಳಲ್ಲಿ ವಾಹನ ಬಿಟ್ಟರೆ ಇದೇ ದೊಡ್ಡದಾಗಬಹುದು. ವರ್ಷದ ಕ್ಯಾಲಿಬ್ರೇಷನ್ ಖರ್ಚು ಬೇರೆ, ಆ ಸಮಯದಲ್ಲಿ ಯಂತ್ರ ಕೈಯಲ್ಲಿ ಇರುವುದಿಲ್ಲ. ಕೆಲಸ ಕಡಿಮೆ ಇರುವ ತಿಂಗಳನ್ನು ನೋಡಿ ಕಳಿಸಬೇಕು. ಯಂತ್ರವನ್ನು ಕೇಬಲಿಗೆ ಜೋಡಿಸುವ ಪರ್ಮನೆಂಟ್ ಲಿಂಕ್ ಅಡಾಪ್ಟರಿನ ತುದಿಯ ಪ್ಲಗ್ ಸಾವಿರಾರು ಸಲ ಹಾಕಿ ತೆಗೆದ ಮೇಲೆ ಸವೆಯುತ್ತದೆ, ಅದನ್ನು ಬದಲಿಸುವ ಖರ್ಚನ್ನು ರೇಟಿನಲ್ಲಿ ಸೇರಿಸಿಕೊಳ್ಳಿ. ಕ್ಯಾಟ್ 8ಕ್ಕೆ 2000 ಮೆಗಾಹರ್ಟ್ಸ್ ಬೇಕು, ಅದಕ್ಕೆ ಡಿಎಸ್‌ಎಕ್ಸ್-8000 ಕೊಳ್ಳಬೇಕು. ಕ್ಯಾಟ್ 8 ಇರುವುದು ಡೇಟಾ ಸೆಂಟರಿನ ಒಳಗಿನ ಸಣ್ಣ ದೂರಗಳಿಗೆ, ನಮ್ಮ ಥರದ ಕೆಲಸದಲ್ಲಿ ಬರುವುದಿಲ್ಲ. ಫೈಬರ್ ಕೂಡ ಇದರಲ್ಲಿ ಬರುವುದಿಲ್ಲ. ಆದರೆ ಯಂತ್ರದ ಹಿಂಭಾಗದ ಮಾಡ್ಯೂಲ್ ತೆಗೆದು ಫೈಬರಿನ ಮಾಡ್ಯೂಲ್ ಹಾಕಬಹುದು. ವರ್ಸಿವ್ ಅನ್ನುವ ಈ ಸರಣಿಯ ಒಳ್ಳೆಯ ಗುಣ ಅದು. ಮೊದಲು ತಾಮ್ರ, ಕೆಲಸ ಬೆಳೆದಂತೆ ಫೈಬರ್.

ಎಲ್ಲ ಕೆಲಸಕ್ಕೂ ಇದು ಬೇಕಿಲ್ಲ. ಮನೆಗೆ ನಾಲ್ಕು ಪಾಯಿಂಟ್, ಅಂಗಡಿಗೆ ಎರಡು ಕ್ಯಾಮೆರಾ ಹಾಕುವುದೇ ನಿಮ್ಮ ಪೂರ್ತಿ ವ್ಯವಹಾರ ಆಗಿದ್ದರೆ ಸ್ಪ್ಲಿಟ್ ಪೇರ್ ಹಿಡಿಯುವ ಒಳ್ಳೆಯ ಸಣ್ಣ ಟೆಸ್ಟರ್ ಸಾಕು. ಆ ಗ್ರಾಹಕರು ರಿಪೋರ್ಟಿಗೆ ದುಡ್ಡು ಕೊಡುವುದಿಲ್ಲ, ಕೊಡಬೇಕಾದ ಅಗತ್ಯವೂ ಇಲ್ಲ. ವಿದ್ಯುತ್ ಗುತ್ತಿಗೆದಾರರ ಕೆಳಗೆ ಉಪಗುತ್ತಿಗೆ ಮಾಡುವವರಿಗೆ ಮಾತ್ರ ನಾನು ಒತ್ತಿ ಹೇಳುತ್ತೇನೆ, ಇದು ನಿಮಗೆ ಬೇಕು. ಆ ಗುತ್ತಿಗೆದಾರರಲ್ಲಿ ಹೆಚ್ಚಿನವರಿಗೆ ಸರ್ಟಿಫಿಕೇಷನ್ ತಲೆನೋವು. ಟೆಸ್ಟ್, ಲೇಬಲ್, ಫೈಲ್, ವಾರಂಟಿ ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಅಂದರೆ ಅವರು ಮುಂದಿನ ಕೆಲಸಕ್ಕೂ ನಿಮ್ಮನ್ನೇ ಕರೆಯುತ್ತಾರೆ. ನಮ್ಮ ಕೆಲಸದಲ್ಲಿ ದೊಡ್ಡ ಪಾಲು ಈಗ ಹೀಗೇ ಬರುತ್ತದೆ.

ಬಿಲ್ಲಿನ ವಿಷಯದಲ್ಲೂ ಇದರ ಉಪಯೋಗ ಇದೆ. ಕೊನೆಯ ಕಂತು ತಡೆಹಿಡಿಯುವುದು ಈ ವ್ಯವಹಾರದ ಹಳೆಯ ಕಾಯಿಲೆ. ಎಲ್ಲೋ ಒಂದು ಪಾಯಿಂಟ್ ಬರುತ್ತಿಲ್ಲ ಅಂತ ಹೇಳಿ ಇಡೀ ದುಡ್ಡು ನಿಲ್ಲಿಸುತ್ತಾರೆ. ನಮ್ಮ ಒಪ್ಪಂದದಲ್ಲಿ ಈಗ, ಎಲ್ಲ ಪಾಯಿಂಟುಗಳ ಪಾಸ್ ರಿಪೋರ್ಟ್ ಸಲ್ಲಿಸಿದ ದಿನದಿಂದ ಕೊನೆಯ ಕಂತಿನ ಗಡುವು ಶುರು ಅಂತ ಇರುತ್ತದೆ. ಕೆಲಸ ಮುಗಿದಿದೆಯಾ ಅನ್ನುವುದು ಯಾರ ಅಭಿಪ್ರಾಯದ ಮೇಲೂ ನಿಂತಿರುವುದಿಲ್ಲ. ಮರುದಿನ ಬೇರೆ ಕೆಲಸದವರು ಗೋಡೆ ಕೊರೆದು ಕೇಬಲ್ ಕತ್ತರಿಸಿದರೆ, ಹಿಂದಿನ ದಿನ ಅದು ಪಾಸ್ ಆಗಿತ್ತು ಅಂತ ದಿನಾಂಕ, ಸಮಯ ಸಮೇತ ದಾಖಲೆ ಇರುತ್ತದೆ. ಅದನ್ನು ಸರಿಮಾಡುವುದು ಹೊಸ ಕೆಲಸ, ಅದಕ್ಕೆ ಹೊಸ ಬಿಲ್.

ಕೊಳ್ಳುವ ಯೋಚನೆ ಇದ್ದರೆ ಮೊದಲು ಬಾಡಿಗೆಗೆ ತನ್ನಿ. ನಾವೂ ಹಾಗೇ ಶುರು ಮಾಡಿದ್ದು. ದಿನ ಅಥವಾ ವಾರದ ಲೆಕ್ಕದಲ್ಲಿ ಕೊಡುವವರು ಇರುತ್ತಾರೆ. ಮೊದಲು ಕೇಬಲ್ ಎಲ್ಲ ಹಾಕಿ, ಜ್ಯಾಕ್ ಕೂರಿಸಿ, ಲೇಬಲ್ ಅಂಟಿಸಿ ಮುಗಿಸಿಕೊಳ್ಳಿ. ಟೆಸ್ಟರನ್ನು ಕೊನೆಗೆ ಒಂದೇ ಸಲ ತಂದು ಪೂರ್ತಿ ಟೆಸ್ಟ್ ಮಾಡಿ. ಬಾಡಿಗೆಯನ್ನು ಆ ಗುತ್ತಿಗೆಯ ಕೊಟೇಷನ್ನಿನಲ್ಲೇ ಸೇರಿಸಿ. ಬಾಡಿಗೆಯ ಮೊತ್ತ ತಿಂಗಳ ಕಂತಿನ ಹತ್ತಿರ ಬಂದಾಗ ಕೊಳ್ಳುವ ಸಮಯ ಬಂದಿದೆ ಅಂತ ಲೆಕ್ಕ. ಬಾಡಿಗೆಗೆ ತರುವಾಗ ಯಂತ್ರದ ಜೊತೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಕೇಳಿ. ಅಡಾಪ್ಟರ್ ಚಾನೆಲಿನದಾ ಪರ್ಮನೆಂಟ್ ಲಿಂಕಿನದಾ ಅಂತ ಪೆಟ್ಟಿಗೆ ತೆರೆದು ನೋಡಿ. ಎರಡು ಅಡಾಪ್ಟರೂ ಒಂದೇ ಥರದ್ದಿರಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು. ಇದರ ಹಿಂದಿನ ಡಿಟಿಎಕ್ಸ್ ಸರಣಿಯ ಯಂತ್ರಗಳು ಈಗಲೂ ತುಂಬಾ ಅಗ್ಗಕ್ಕೆ ಸಿಗುತ್ತವೆ, ಗಟ್ಟಿಮುಟ್ಟಾಗಿಯೂ ಇರುತ್ತವೆ. ಆದರೆ ತಯಾರಕರು ಅದಕ್ಕೆ ಬೆಂಬಲ ನಿಲ್ಲಿಸಿ ವರ್ಷಗಳಾದವು. ವಾರಂಟಿ ಕೇಳುವ ಕೆಲಸದಲ್ಲಿ ಅದರ ರಿಪೋರ್ಟನ್ನು ಒಪ್ಪದಿರುವ ಸಾಧ್ಯತೆ ಜಾಸ್ತಿ. ಡಿಎಸ್‌ಎಕ್ಸ್ ಆದರೆ ಹಳೆಯ ವರ್ಸಿವ್ ಇದೆ, ವರ್ಸಿವ್ 2 ಇದೆ, ಎರಡನೆಯದನ್ನು ಹುಡುಕಿ. ದುಡ್ಡು ಕೊಡುವ ಮೊದಲು ಮುಖ್ಯ ಯಂತ್ರ, ರಿಮೋಟ್ ಎರಡರ ಸೀರಿಯಲ್ ನಂಬರನ್ನೂ ಸರ್ಟಿಫಿಕೇಟಿನ ಜೊತೆ ಹೋಲಿಸಿ. ರೆಫರೆನ್ಸ್ ಹಾಕಿಸಿ, ನಿಮ್ಮ ಹತ್ತಿರ ಇರುವ ಒಂದು ಒಳ್ಳೆಯ ಕೇಬಲ್, ಒಂದು ಬೇಕೆಂದೇ ಕೆಡಿಸಿದ ಕೇಬಲ್ ಎರಡನ್ನೂ ಅವರ ಮುಂದೆಯೇ ಟೆಸ್ಟ್ ಮಾಡಿ. ಎರಡರ ಫೈಲನ್ನೂ ಲಿಂಕ್‌ವೇರ್‌ನಲ್ಲಿ ತೆರೆದು ನೋಡಿದ ಮೇಲೆ ವ್ಯಾಪಾರ ಮುಗಿಸಿ.